ರಾಜಕೀಯ, ಅರ್ಥವ್ಯವಸ್ಥೆ, ಹವಾಮಾನ, ಸಂಸ್ಕೃತಿ: ಓದು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ದಿನಾ ಸುದ್ದಿ ಓದುತ್ತೇನೆ, ಚರ್ಚೆಗಳನ್ನೂ ಕೇಳುತ್ತೇನೆ. ಆದರೂ ಹಣದುಬ್ಬರ, ಹವಾಮಾನ ಬದಲಾವಣೆ, ಪ್ರಜಾಪ್ರಭುತ್ವದ ಸ್ಥಿತಿ ಇಂಥ ವಿಷಯಗಳ ಬಗ್ಗೆ ಯಾರಾದರೂ ನೇರವಾಗಿ ಕೇಳಿದರೆ ನನ್ನ ಹತ್ತಿರ ಅಭಿಪ್ರಾಯ ಇರುತ್ತದೆ, ಆಧಾರ ಇರುವುದಿಲ್ಲ. ಪುಸ್ತಕಗಳ ಪಟ್ಟಿಗಳು ಸಾಕಷ್ಟು ಸಿಗುತ್ತವೆ, ಆದರೆ ಯಾವುದನ್ನು ಮೊದಲು, ಎಷ್ಟು ಓದಬೇಕು ಅಂತ ಗೊತ್ತಾಗುವುದಿಲ್ಲ. ವಾರಕ್ಕೆ ಆರು ಗಂಟೆ ಬಿಡುವು ಮಾಡಿಕೊಳ್ಳಬಲ್ಲೆ. ದಾರಿ ತೋರಿಸುತ್ತೀರಾ?

ಉತ್ತರ: ವಾರಕ್ಕೆ ಆರು ಗಂಟೆ ಧಾರಾಳವಾಯಿತು. ಆದರೆ ಮೊದಲ ಮೂರು ತಿಂಗಳು ಹೊಸ ಪುಸ್ತಕಗಳ ಪಟ್ಟಿಯನ್ನು ಪಕ್ಕಕ್ಕಿಡಿ. ಸುದ್ದಿಯೂ ಚರ್ಚೆಯೂ ಬಹುಪಾಲು ಪುಸ್ತಕಗಳೂ ಕೊನೆಗೆ ಕೆಲವೇ ಮೂಲ ದಾಖಲೆಗಳನ್ನು ಆಧರಿಸಿರುತ್ತವೆ. ಆ ದಾಖಲೆಗಳು ಯಾವುವು, ಅವುಗಳಲ್ಲಿ ಯಾವ ಪುಟ ಓದಬೇಕು, ಅಂಕಿಯ ಪಕ್ಕದಲ್ಲಿ ಏನು ಬರೆದಿರುತ್ತದೆ ಎಂಬುದು ಒಮ್ಮೆ ರೂಢಿಯಾದರೆ ಯಾವ ಲೇಖನ ಗಟ್ಟಿ, ಯಾವುದು ಜೊಳ್ಳು ಅಂತ ನಿಮಗೇ ತಿಳಿಯತೊಡಗುತ್ತದೆ. ಹಾಗಾಗಿ ಮೊದಲು ದಾಖಲೆ, ಆಮೇಲೆ ಪುಸ್ತಕ, ಸುದ್ದಿ ಕೊನೆಗೆ.

ಶುರು ಹವಾಮಾನದಿಂದಲೇ ಆಗಲಿ. ನಾಲ್ಕು ವಿಷಯಗಳಲ್ಲಿ ಮೂಲ ದಾಖಲೆ ಅತ್ಯಂತ ಶಿಸ್ತಾಗಿ ಸಿಗುವುದು ಇಲ್ಲಿ. ಹವಾಮಾನ ಬದಲಾವಣೆಯ ವಿಜ್ಞಾನವನ್ನು ಸರ್ಕಾರಗಳಿಗಾಗಿ ಪರಿಶೀಲಿಸಿ ಹೇಳುವ, 1988ರಲ್ಲಿ ಸ್ಥಾಪನೆಯಾದ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿ ತನ್ನ ಆರನೇ ಮೌಲ್ಯಮಾಪನ ವರದಿಯನ್ನು ಕಂತುಕಂತಾಗಿ ಹೊರತಂದಿತು: ಭೌತಿಕ ವಿಜ್ಞಾನದ ಭಾಗ 2021ರ ಆಗಸ್ಟ್‌ನಲ್ಲಿ, ಪರಿಣಾಮಗಳು ಮತ್ತು ಹೊಂದಾಣಿಕೆಯ ಭಾಗ 2022ರ ಫೆಬ್ರುವರಿಯಲ್ಲಿ, ಹೊರಸೂಸುವಿಕೆ ತಗ್ಗಿಸುವ ಭಾಗ 2022ರ ಏಪ್ರಿಲ್‌ನಲ್ಲಿ, ಎಲ್ಲವನ್ನೂ ಕೂಡಿಸಿದ ವರದಿ 2023ರ ಮಾರ್ಚ್‌ನಲ್ಲಿ. ಮೊದಲ ಭಾಗವೊಂದೇ ಎರಡು ಸಾವಿರ ಪುಟ ದಾಟುತ್ತದೆ. ಅಷ್ಟನ್ನು ಯಾರೂ ಓದಬೇಕಾಗಿಲ್ಲ. ಪ್ರತಿ ಭಾಗಕ್ಕೂ ನೀತಿ ರೂಪಿಸುವವರಿಗಾಗಿ ಬರೆದ ಮೂವತ್ತು ನಲವತ್ತು ಪುಟಗಳ ಸಾರಾಂಶ ಇರುತ್ತದೆ. ಸರ್ಕಾರಗಳ ಪ್ರತಿನಿಧಿಗಳು ವಿಜ್ಞಾನಿಗಳ ಜೊತೆ ಕೂತು ಇದರ ಒಂದೊಂದು ಸಾಲನ್ನೂ ಒಪ್ಪಿದ ಮೇಲೆಯೇ ಅದು ಹೊರಬರುವುದು. ಆದ್ದರಿಂದ ಇಲ್ಲಿ ಇರುವುದನ್ನು ಉತ್ಪ್ರೇಕ್ಷೆ ಅನ್ನಲು ಆಗದು. ಸರ್ಕಾರಗಳಿಗೆ ಇರಿಸುಮುರುಸಾಗುವ ಸೂಕ್ಷ್ಮಗಳು ಬೇಕಾದರೆ ಒಳಗಿನ ಅಧ್ಯಾಯಗಳಿಗೇ ಹೋಗಬೇಕು. ಪ್ರತಿ ಹೇಳಿಕೆಯ ಕೊನೆಯಲ್ಲಿ ಪುಷ್ಪಾವರಣದೊಳಗೆ ಅಧ್ಯಾಯದ ಸಂಖ್ಯೆ ಕೊಟ್ಟಿರುತ್ತಾರೆ, ಅದನ್ನು ಹಿಡಿದು ಹೋದರೆ ಸರಿಯಾದ ಜಾಗಕ್ಕೇ ತಲುಪುತ್ತೀರಿ.

ಓದುವ ರೀತಿಯನ್ನು ಒಂದು ಸಾಲು ಇಟ್ಟುಕೊಂಡೇ ನೋಡೋಣ. ಭೌತಿಕ ವಿಜ್ಞಾನದ ಸಾರಾಂಶದ ಆರಂಭದಲ್ಲೇ, 2011ರಿಂದ 2020ರ ದಶಕದಲ್ಲಿ ಭೂಮಿಯ ಮೇಲ್ಮೈ ಉಷ್ಣಾಂಶ 1850–1900ರ ಸರಾಸರಿಗಿಂತ 1.09 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು ಎಂದಿದೆ. ಪಕ್ಕದಲ್ಲೇ ಚೌಕಾವರಣದಲ್ಲಿ 0.95ರಿಂದ 1.20 ಅಂತ ಇದೆ, ಅಂದರೆ ನಿಜವಾದ ಏರಿಕೆ ಇರಬಹುದಾದ ವ್ಯಾಪ್ತಿ. ಅದೇ ವಾಕ್ಯದ ಮುಂದಿನ ತುಂಡು: ನೆಲದ ಮೇಲೆ 1.59, ಸಾಗರದ ಮೇಲೆ 0.88. ಸುದ್ದಿಯಲ್ಲಿ ಬಂದದ್ದು 1.1 ಎಂಬ ಒಂದೇ ಅಂಕಿ. ಆದರೆ ಜನ ಬದುಕುವುದು, ಬೆಳೆ ಬೆಳೆಯುವುದು ನೆಲದ ಮೇಲೆ. ಅಲ್ಲಿ ಏರಿಕೆ ಆಗಲೇ ಒಂದೂವರೆ ಡಿಗ್ರಿ ದಾಟಿತ್ತು. ಹೀಗೆ ಒಂದು ಸಾಲಿಗೆ ನಾಲ್ಕು ಪ್ರಶ್ನೆ ಹಾಕುವ ಅಭ್ಯಾಸ ಮಾಡಿಕೊಳ್ಳಿ: ಯಾವ ಅವಧಿಯದು, ಯಾವುದಕ್ಕೆ ಹೋಲಿಸಿದ್ದು, ಎಲ್ಲಿಯದು, ಎಷ್ಟರ ಮಟ್ಟಿಗೆ ಖಚಿತ?

ಖಚಿತತೆಗೆ ಐಪಿಸಿಸಿ ಬಳಸುವ ಮಾತುಗಳಿಗೆ ಗೊತ್ತಾದ ಅಳತೆ ಇದೆ. 'ಸಂಭವನೀಯ' ಅಂದರೆ ಶೇ 66ರಿಂದ 100, 'ಬಹಳ ಸಂಭವನೀಯ' ಅಂದರೆ ಶೇ 90ರಿಂದ 100, 'ಬಹುತೇಕ ಖಚಿತ' ಅಂದರೆ ಶೇ 99ಕ್ಕೂ ಮೇಲೆ. ಇದರ ಜೊತೆಗೆ 'ಹೆಚ್ಚಿನ ವಿಶ್ವಾಸ', 'ಮಧ್ಯಮ ವಿಶ್ವಾಸ' ಎಂಬ ಬೇರೆಯೇ ಒಂದು ಅಳತೆ ಇದೆ. ಅದು ಪುರಾವೆ ಎಷ್ಟಿದೆ, ಅಧ್ಯಯನಗಳು ಎಷ್ಟರ ಮಟ್ಟಿಗೆ ಒಂದನ್ನೊಂದು ಒಪ್ಪುತ್ತವೆ ಎಂಬುದರ ಮೇಲೆ ನಿಂತಿದೆ. ಇವೆರಡನ್ನೂ ಒಂದೇ ಅಂದುಕೊಂಡರೆ ಓದು ಅಲ್ಲೇ ಹಳಿ ತಪ್ಪುತ್ತದೆ. ಯಂತ್ರದಿಂದ ತೆಗೆಸಿದ ಸಾರಾಂಶಗಳಲ್ಲಿ ಮೊದಲು ಬಿದ್ದುಹೋಗುವುದೂ ಈ ಮಾತುಗಳೇ, ಈ ಆವರಣಗಳೇ. ಅದಕ್ಕೇ ಸಾರಾಂಶದ ಸಾರಾಂಶ ಓದಬೇಡಿ ಅನ್ನುವುದು.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟುಗಳು ಬೇರೆಯೂ ಇವೆ. ಇಂಗಾಲದ ಲೆಕ್ಕ ಮತ್ತು ಇಂಗಾಲದ ಡೈಆಕ್ಸೈಡ್‌ನ ಲೆಕ್ಕ ಬೇರೆ ಬೇರೆ, ಒಂದು ಟನ್ ಇಂಗಾಲ ಸುಮಾರು 3.67 ಟನ್ ಡೈಆಕ್ಸೈಡ್‌ಗೆ ಸಮ. ಎರಡು ವರದಿಗಳ ಅಂಕಿಗಳು ಮೂರೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ ತೋರಿಸಿದರೆ ಮೊದಲು ಇದನ್ನು ನೋಡಿ. ಮಿಥೇನ್ ಅನಿಲ ಭೂಮಿಯನ್ನು ಬಿಸಿಯೇರಿಸುವ ತೀವ್ರತೆಯನ್ನು ನೂರು ವರ್ಷದ ಲೆಕ್ಕದಲ್ಲಿ ಡೈಆಕ್ಸೈಡ್‌ನ 27ರಿಂದ 30 ಪಟ್ಟು ಅನ್ನುತ್ತಾರೆ, ಇಪ್ಪತ್ತು ವರ್ಷದ ಲೆಕ್ಕದಲ್ಲಿ 80 ಪಟ್ಟು ಅನ್ನುತ್ತಾರೆ. ಎರಡೂ ಸರಿಯೇ, ಅವಧಿ ಹೇಳದೆ ಬರೆದ ಲೇಖನ ಮಾತ್ರ ಸರಿಯಲ್ಲ. 'ಎಸ್‌ಎಸ್‌ಪಿ5-8.5' ಎಂಬ ಅತಿ ಹೆಚ್ಚು ಹೊರಸೂಸುವಿಕೆಯ ಸನ್ನಿವೇಶವನ್ನು 'ಹೀಗೇ ಮುಂದುವರಿದರೆ' ಎಂಬಂತೆ ತೋರಿಸುವ ನಕ್ಷೆಗಳು ಬಹಳ ಇವೆ. ಇಂಧನ ವಲಯದಲ್ಲಿ ಈಚೆಗೆ ಆಗಿರುವ ಬದಲಾವಣೆಗಳನ್ನು ನೋಡಿದರೆ ಆ ಸನ್ನಿವೇಶದ ಸಾಧ್ಯತೆ ಕಡಿಮೆ ಎಂದು ಆರನೇ ವರದಿಯೇ ಹೇಳಿದೆ. ಹಾಗೆಯೇ 2024ರ ಉಷ್ಣಾಂಶ ಕೈಗಾರಿಕಾಪೂರ್ವ ಮಟ್ಟಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಿತ್ತೆಂದು ವಿಶ್ವ ಹವಾಮಾನ ಸಂಸ್ಥೆ ಪ್ರಕಟಿಸಿದಾಗ 'ಪ್ಯಾರಿಸ್ ಒಪ್ಪಂದದ ಮಿತಿ ಮುರಿಯಿತು' ಎಂಬ ಶೀರ್ಷಿಕೆಗಳು ಬಂದವು. ಒಪ್ಪಂದದ 1.5 ಡಿಗ್ರಿ ದಶಕಗಳ ಸರಾಸರಿಗೆ ಸಂಬಂಧಿಸಿದ್ದು, ಒಂದು ವರ್ಷದ ಅಂಕಿಗಲ್ಲ. ಇದರಿಂದ ಕಳವಳ ಕಡಿಮೆಯಾಗಬೇಕಿಲ್ಲ, ಲೆಕ್ಕ ಮಾತ್ರ ಸರಿಯಿರಬೇಕು.

ಸಾರಾಂಶವೂ ಕಠಿಣವೆನಿಸಿದರೆ ಅದೇ ವರದಿಯ 'ಪದೇ ಪದೇ ಕೇಳುವ ಪ್ರಶ್ನೆಗಳು' ಭಾಗದಿಂದ ಶುರು ಮಾಡಿ. ಒಂದೊಂದು ಉತ್ತರ ಒಂದೆರಡು ಪುಟ, ಬರೆದವರು ಆಯಾ ಅಧ್ಯಾಯದ ವಿಜ್ಞಾನಿಗಳೇ. ವರ್ಷವರ್ಷದ ಹೊಸ ಸ್ಥಿತಿಗೆ ವಿಶ್ವ ಹವಾಮಾನ ಸಂಸ್ಥೆಯ ವಾರ್ಷಿಕ ವರದಿ, ದೇಶಗಳ ವಾಗ್ದಾನಕ್ಕೂ ಅಗತ್ಯಕ್ಕೂ ಇರುವ ಅಂತರಕ್ಕೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಹೊರಸೂಸುವಿಕೆ ಅಂತರ ವರದಿ. ಇಷ್ಟಾದರೆ ಹವಾಮಾನದ ಅಡಿಪಾಯ ಆಯಿತು.

ಅರ್ಥವ್ಯವಸ್ಥೆಯಲ್ಲಿ ಮೂಲ ದಾಖಲೆಗಳು ಹೆಚ್ಚು, ಮೋಸ ಹೋಗುವ ಜಾಗಗಳೂ ಹೆಚ್ಚು. ಅಂತರರಾಷ್ಟ್ರೀಯ ಹಣಕಾಸು ನಿಧಿಯ 'ವರ್ಲ್ಡ್ ಎಕನಾಮಿಕ್ ಔಟ್‌ಲುಕ್' ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಬರುತ್ತದೆ, ನಡುವೆ ಜನವರಿ ಮತ್ತು ಜುಲೈನಲ್ಲಿ ಚಿಕ್ಕ ಪರಿಷ್ಕರಣೆ. ಮೊದಲ ಅಧ್ಯಾಯವನ್ನೂ ಅದರ ಮೊದಲ ಕೋಷ್ಟಕವನ್ನೂ ಓದಿದರೆ ಸಾಕು. ಆ ಕೋಷ್ಟಕದಲ್ಲಿ ಎಲ್ಲರ ಕಣ್ಣು ಹೋಗುವುದು ಬೆಳವಣಿಗೆಯ ಅಂಕಿಗೆ. ನೀವು ಬಲಗಡೆಯ ಕಾಲಂ ನೋಡಿ. ಹಿಂದಿನ ಮುನ್ನಂದಾಜಿಗಿಂತ ಈಗಿನದು ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದು ಅಲ್ಲಿರುತ್ತದೆ. ನಿಧಿಯ ಮನಸ್ಸು ಯಾವ ಕಡೆ ತಿರುಗಿದೆ ಎಂಬುದು ಗೊತ್ತಾಗುವುದು ಅಲ್ಲಿಂದಲೇ. ಆಮೇಲೆ ಅಡಿಟಿಪ್ಪಣಿ. ಹೆಚ್ಚಿನ ದೇಶಗಳ ಅಂಕಿ ಕ್ಯಾಲೆಂಡರ್ ವರ್ಷದ್ದಾದರೆ ಭಾರತದ್ದು ಹಣಕಾಸು ವರ್ಷದ್ದು ಎಂಬ ವಿವರ ಅಡಿಟಿಪ್ಪಣಿಯಲ್ಲೇ ಇದೆ. ಜಾಗತಿಕ ಬೆಳವಣಿಗೆಯ ಮುಖ್ಯ ಅಂಕಿ ಕೊಳ್ಳುವ ಶಕ್ತಿಯ ಸಮಾನತೆಯ ಲೆಕ್ಕದ್ದು, ಅಂದರೆ ಆಯಾ ದೇಶದಲ್ಲಿ ಅದೇ ಹಣಕ್ಕೆ ಎಷ್ಟು ಸರಕು ಸಿಗುತ್ತದೆ ಎಂಬುದನ್ನು ಹಿಡಿದು ದೇಶಗಳಿಗೆ ತೂಕ ಕೊಟ್ಟದ್ದು. ಕೆಳಗೆ ಮಾರುಕಟ್ಟೆ ವಿನಿಮಯ ದರದ ಲೆಕ್ಕದಲ್ಲಿ ಇನ್ನೊಂದು ಅಂಕಿ ಇರುತ್ತದೆ, ಅದು ಸಾಮಾನ್ಯವಾಗಿ ಕಡಿಮೆ, ಏಕೆಂದರೆ ವೇಗವಾಗಿ ಬೆಳೆಯುವ ಬಡ ದೇಶಗಳಿಗೆ ಅಲ್ಲಿ ಸಿಗುವ ತೂಕ ಕಡಿಮೆ.

ಹಣದುಬ್ಬರದ ಬಗ್ಗೆ ನೀವೇ ಕೇಳಿದ್ದೀರಿ. ನೂರಕ್ಕೆ ಸಿಗುತ್ತಿದ್ದ ವಸ್ತು ಶೇ 10ರ ಹಣದುಬ್ಬರದಲ್ಲಿ 110 ಆಯಿತು. ಮರುವರ್ಷ ಹಣದುಬ್ಬರ ಶೇ 3ಕ್ಕೆ ಇಳಿಯಿತು. ಬೆಲೆ ಈಗ 113.30. 'ಹಣದುಬ್ಬರ ಇಳಿಕೆ' ಎಂದು ಸರ್ಕಾರ ಹೇಳುವುದೂ ನಿಜ, ಬೆಲೆ ಇನ್ನೂ ಏರುತ್ತಿದೆ ಎಂದು ಜನ ಗೊಣಗುವುದೂ ನಿಜ. ಇಬ್ಬರೂ ಬೇರೆ ಬೇರೆ ವಿಷಯ ಮಾತಾಡುತ್ತಿದ್ದಾರೆ, ಅಷ್ಟೇ. ಹಲವು ದೇಶಗಳಲ್ಲಿ ಆಡಳಿತದಲ್ಲಿರುವವರು ಅಂಕಿ ತೋರಿಸಿಯೂ ಜನರನ್ನು ಒಪ್ಪಿಸಲಾಗದೆ ಹೋಗುವುದಕ್ಕೆ ಈ ಅಂತರವೂ ಒಂದು ಕಾರಣ. ಇದೇ ರೀತಿ, ಒಂದು ತ್ರೈಮಾಸಿಕದಲ್ಲಿ ಶೇ 0.5 ಬೆಳವಣಿಗೆಯಾದರೆ ಅಮೆರಿಕದ ಪದ್ಧತಿಯಲ್ಲಿ ಅದನ್ನು ವಾರ್ಷಿಕ ದರಕ್ಕೆ ಏರಿಸಿ ಸುಮಾರು ಶೇ 2 ಎಂದು ಪ್ರಕಟಿಸುತ್ತಾರೆ. ಬೇರೆ ಕಡೆ ಹೋದ ವರ್ಷದ ಇದೇ ತ್ರೈಮಾಸಿಕಕ್ಕೆ ಹೋಲಿಸುತ್ತಾರೆ. ಈ ಎರಡನ್ನು ಪಕ್ಕಪಕ್ಕ ಇಟ್ಟು ಯಾವ ದೇಶ ಮುಂದೆ ಅನ್ನುವ ಚರ್ಚೆಗೆ ಅರ್ಥವೇ ಇಲ್ಲ. ಬಡ್ಡಿದರ ಶೇ 6ರಿಂದ 6.5ಕ್ಕೆ ಏರಿದರೆ ಅದು ಅರ್ಧ ಶೇಕಡಾ ಅಂಶದ ಏರಿಕೆ, ಅನುಪಾತದ ಲೆಕ್ಕದಲ್ಲಿ ಶೇ 8ಕ್ಕೂ ಹೆಚ್ಚು. ಬರೆಯುವವರು ತಮಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳುತ್ತಾರೆ.

ಗೆರೆಯೇ ಸರಿದರೆ ಏನಾಗುತ್ತದೆ ಎಂಬುದಕ್ಕೆ ವಿಶ್ವಬ್ಯಾಂಕಿನ ಕಡುಬಡತನದ ರೇಖೆ ನೋಡಿ. ದಿನಕ್ಕೆ 1.90 ಡಾಲರ್ ಇದ್ದದ್ದು 2022ರಲ್ಲಿ 2.15 ಆಯಿತು, 2025ರ ಜೂನ್‌ನಲ್ಲಿ 3.00 ಆಯಿತು. ಇವು ಕೊಳ್ಳುವ ಶಕ್ತಿಗೆ ಸರಿಹೊಂದಿಸಿದ ಡಾಲರ್‌ಗಳು, ಬ್ಯಾಂಕಿನಲ್ಲಿ ವಿನಿಮಯಕ್ಕೆ ಸಿಗುವ ದರದ್ದಲ್ಲ. ಹಳೆಯ ರೇಖೆಯ ಅಂಕಿಯನ್ನು ಹೊಸ ರೇಖೆಯ ಅಂಕಿಗೆ ಹೋಲಿಸಿ ಬಡತನ ಏರಿತು ಅಥವಾ ಇಳಿಯಿತು ಅನ್ನುವ ಬರಹವನ್ನು ಅಲ್ಲಿಗೇ ಬಿಟ್ಟುಬಿಡಿ. ಕೇಂದ್ರೀಯ ಬ್ಯಾಂಕುಗಳ ಹೇಳಿಕೆಗಳಿಗೆ ಒಂದು ಸುಲಭ ಉಪಾಯವಿದೆ: ಈ ಸಲದ ಹೇಳಿಕೆಯನ್ನೂ ಹೋದ ಸಲದ್ದನ್ನೂ ಅಕ್ಕಪಕ್ಕ ಇಟ್ಟುಕೊಂಡು ಯಾವ ಪದ ಹೋಯಿತು, ಯಾವ ಪದ ಬಂತು ಅಂತ ಗುರುತು ಹಾಕಿ. ಅಮೆರಿಕದ ಫೆಡರಲ್ ರಿಸರ್ವ್‌ನ ಹೇಳಿಕೆ ಹೆಚ್ಚುಕಡಿಮೆ ಒಂದೇ ಪುಟ. ಸಭೆಯ ನಡಾವಳಿ ಮೂರು ವಾರದ ನಂತರ ಬರುತ್ತದೆ, ಭಿನ್ನಾಭಿಪ್ರಾಯ ಏನಿತ್ತು ಎಂಬುದು ಅಲ್ಲಿರುತ್ತದೆ.

ಜಿಡಿಪಿಯನ್ನು ಟೀಕಿಸುವ ಪುಸ್ತಕಗಳಿಗೆ ಬರವಿಲ್ಲ. ಅವನ್ನು ಹಿಡಿಯುವ ಮುನ್ನ ಒಂದು ಸಂಗತಿ ತಿಳಿದಿರಲಿ: ರಾಷ್ಟ್ರೀಯ ವರಮಾನದ ಅಳತೆಯನ್ನು ರೂಪಿಸಿದ ಸೈಮನ್ ಕುಜ್ನೆಟ್ಸ್ ಅವರೇ 1934ರಲ್ಲಿ ಅಮೆರಿಕದ ಸೆನೆಟ್‌ಗೆ ಕೊಟ್ಟ ವರದಿಯಲ್ಲಿ, ಈ ಅಂಕಿಯಿಂದ ಒಂದು ದೇಶದ ಕ್ಷೇಮವನ್ನು ಊಹಿಸುವಂತಿಲ್ಲ ಎಂದು ಎಚ್ಚರಿಸಿದ್ದರು.

ರಾಜಕೀಯಕ್ಕೆ ಬಂದರೆ, ಮೊದಲು ಕಾನೂನಿನ ಪಠ್ಯ ಓದಲು ಕಲಿಯಿರಿ. ವಿವಾದದಲ್ಲಿರುವ ಒಂದು ಮಸೂದೆ ತೆಗೆದುಕೊಳ್ಳಿ. ಪೀಠಿಕೆ ಮತ್ತು ಉದ್ದೇಶಗಳ ಹೇಳಿಕೆಯಲ್ಲಿ ಸಿಗುವುದು ಮಂಡಿಸಿದವರ ಆಶಯ ಮಾತ್ರ. ನೋಡಬೇಕಾದ್ದು ನಾಲ್ಕು ಕಡೆ: ವ್ಯಾಖ್ಯೆಗಳ ಕಲಂ, ಯಾಕೆಂದರೆ ಕಾಯ್ದೆ ಯಾರಿಗೆ ತಾಗುತ್ತದೆ ಎಂಬುದು ಅಲ್ಲೇ ತೀರ್ಮಾನವಾಗಿರುತ್ತದೆ, 'ಪರಂತು' ಎಂದು ಶುರುವಾಗುವ ವಿನಾಯಿತಿಗಳು, 'ನಿಯಮಿಸಬಹುದಾದಂತೆ' ಎಂದು ಅಧಿಕಾರವನ್ನು ಶಾಸನಸಭೆಯಿಂದ ಆಡಳಿತಕ್ಕೆ ದಾಟಿಸುವ ಜಾಗಗಳು, ಮತ್ತು ಜಾರಿಯ ದಿನಾಂಕ. ಅಂಗೀಕಾರವಾದರೂ ಅಧಿಸೂಚನೆ ಹೊರಡದೆ ವರ್ಷಗಟ್ಟಲೆ ಕೂತ ಕಾಯ್ದೆಗಳಿರುತ್ತವೆ. ಅವನ್ನು ಜಾರಿಯಲ್ಲಿವೆ ಎಂದುಕೊಂಡೇ ವಾದಿಸುವವರೂ ಇರುತ್ತಾರೆ.

ಸಮೀಕ್ಷೆಗಳ ವಿಷಯ ಬೇಗ ಮುಗಿಸುತ್ತೇನೆ. ಸಾವಿರ ಜನರ ಯಾದೃಚ್ಛಿಕ ಮಾದರಿಗೆ ಏರುಪೇರಿನ ಅವಕಾಶ ಆಚೀಚೆ ಮೂರು ಶೇಕಡಾ ಅಂಶ. ಇಬ್ಬರು ಅಭ್ಯರ್ಥಿಗಳ ನಡುವಿನ ಅಂತರಕ್ಕೆ ಅದು ಹೆಚ್ಚುಕಡಿಮೆ ದುಪ್ಪಟ್ಟು. ಹೀಗಾಗಿ ನಾಲ್ಕು ಅಂಶದ ಮುನ್ನಡೆ ಮುನ್ನಡೆಯೇ ಅಲ್ಲದಿರಬಹುದು. ಇದು ಉತ್ತರ ಕೊಡದೆ ಹೋದವರಿಂದ ಬರುವ ತಪ್ಪನ್ನು ಲೆಕ್ಕಕ್ಕೆ ಹಿಡಿಯದೆ ಹೇಳಿದ ಮಾತು.

ಪ್ರಜಾಪ್ರಭುತ್ವದ ಸೂಚ್ಯಂಕಗಳನ್ನು ಜನ ಒಂದೋ ಕಣ್ಣುಮುಚ್ಚಿ ನಂಬುತ್ತಾರೆ, ಇಲ್ಲವೇ ಪೂರ್ತಿ ತಳ್ಳಿಹಾಕುತ್ತಾರೆ. ಎರಡೂ ಬೇಡ, ಅದರ ವಿಧಾನದ ಪುಟ ಓದಿ. ಅಮೆರಿಕದ ಫ್ರೀಡಂ ಹೌಸ್ ಎಂಬ ಸಂಸ್ಥೆ ದೇಶಗಳಿಗೆ ನೂರಕ್ಕೆ ಅಂಕ ಕೊಡುತ್ತದೆ, ರಾಜಕೀಯ ಹಕ್ಕುಗಳಿಗೆ 40, ನಾಗರಿಕ ಸ್ವಾತಂತ್ರ್ಯಕ್ಕೆ 60. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ವಿ-ಡೆಮ್ ಎಂಬ ಸಂಶೋಧನಾ ಯೋಜನೆ ಪ್ರಜಾಪ್ರಭುತ್ವವನ್ನು ಒಂದೇ ಅಳತೆಗೆ ಇಳಿಸದೆ ಚುನಾವಣಾ, ಉದಾರವಾದಿ, ಭಾಗವಹಿಸುವಿಕೆಯ, ಸಂವಾದದ, ಸಮಾನತೆಯ ಎಂದು ಐದು ಬಗೆಯಲ್ಲಿ ಅಳೆಯುತ್ತದೆ. ಇಂಥ ಕೆಲಸ ತಜ್ಞರ ತೀರ್ಪನ್ನು ಅವಲಂಬಿಸಿದ್ದು, ಹಾಗಾಗಿ ವಿ-ಡೆಮ್ ಪ್ರತಿ ಅಂಕದ ಜೊತೆಗೂ ಅನಿಶ್ಚಿತತೆಯ ವ್ಯಾಪ್ತಿ ಕೊಡುತ್ತದೆ. ಎರಡು ದೇಶಗಳ ವ್ಯಾಪ್ತಿ ಒಂದರ ಮೇಲೊಂದು ಬಿದ್ದಿದ್ದರೆ 'ಮೂರು ಸ್ಥಾನ ಕುಸಿತ' ಎಂಬ ಶೀರ್ಷಿಕೆಗೆ ಬೆಲೆ ಇಲ್ಲ. ನನ್ನ ಅಭಿಪ್ರಾಯದಲ್ಲಿ ಸ್ಥಾನಪಟ್ಟಿ ಈ ವರದಿಗಳ ಅತ್ಯಂತ ನಿರುಪಯುಕ್ತ ಭಾಗ. ಒಂದೇ ದೇಶದ ಒಂದೇ ಉಪಸೂಚಿಯನ್ನು, ಉದಾಹರಣೆಗೆ ಪತ್ರಿಕೆಗಳ ಮೇಲಿನ ನಿರ್ಬಂಧವನ್ನು, ಹತ್ತು ಹದಿನೈದು ವರ್ಷಗಳ ಉದ್ದಕ್ಕೆ ನೋಡಿ. ಅಲ್ಲಿ ನಿಜವಾಗಿ ಏನೋ ಕಾಣುತ್ತದೆ.

ಇನ್ನು ಪುಸ್ತಕಗಳು. ಒಂದೊಂದಾಗಿ ಓದದೆ, ಒಂದನ್ನೊಂದು ಪ್ರಶ್ನಿಸುವ ಜೋಡಿಗಳಾಗಿ ಓದಿ. ಒಂದೇ ಕಡೆಯ ಹತ್ತು ಪುಸ್ತಕ ಓದಿದವರಿಗಿಂತ ಎದುರುಬದುರಿನ ಎರಡು ಓದಿದವರ ತಿಳಿವಳಿಕೆ ಹರಿತವಾಗಿರುತ್ತದೆ. ನಾನು ಮೊದಲು ಕೊಡುವ ಜೋಡಿ ಇದು: ಗ್ಯಾರೆಟ್ ಹಾರ್ಡಿನ್ 1968ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ 'ದ ಟ್ರಾಜಿಡಿ ಆಫ್ ದ ಕಾಮನ್ಸ್' ಎಂಬ ಕಿರುಲೇಖನ, ಅದಕ್ಕೆ ಎದುರಾಗಿ ಎಲಿನರ್ ಆಸ್ಟ್ರಮ್ ಅವರ 1990ರ 'ಗವರ್ನಿಂಗ್ ದ ಕಾಮನ್ಸ್'. ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ ಎಂದು ಹಾರ್ಡಿನ್ ತರ್ಕ ಕಟ್ಟುತ್ತಾರೆ. ಆಸ್ಟ್ರಮ್ ನೀರಾವರಿ ಕಾಲುವೆ, ಮೀನುಗಾರಿಕೆ, ಬೆಟ್ಟದ ಹುಲ್ಲುಗಾವಲುಗಳನ್ನು ಜನ ತಾವೇ ನಿಯಮ ಮಾಡಿಕೊಂಡು ತಲೆಮಾರುಗಳ ಕಾಲ ಉಳಿಸಿಕೊಂಡದ್ದನ್ನೂ, ಕೆಲವು ಕಡೆ ಸೋತದ್ದನ್ನೂ ಒಂದೊಂದಾಗಿ ಪರೀಕ್ಷಿಸಿ, ಬಾಳಿಕೆ ಬಂದ ವ್ಯವಸ್ಥೆಗಳಿಗೆ ಸಾಮಾನ್ಯವಾದ ಎಂಟು ತತ್ತ್ವಗಳನ್ನು ಗುರುತಿಸುತ್ತಾರೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ನಿಮ್ಮ ನಾಲ್ಕೂ ವಿಷಯ ಈ ಒಂದು ಜೋಡಿಯಲ್ಲಿ ಸಂಧಿಸುತ್ತವೆ. ಹಾರ್ಡಿನ್ ಲೇಖನ ಒಂದು ಗಂಟೆಯ ಓದು. ಆಸ್ಟ್ರಮ್ ಪುಸ್ತಕದ ಎರಡನೇ ಅಧ್ಯಾಯ ಸಿದ್ಧಾಂತದಿಂದ ತುಂಬಿದ್ದು, ಅಲ್ಲಿ ಸಿಕ್ಕಿಕೊಂಡರೆ ಮೂರನೆಯದಕ್ಕೆ ಹೋಗಿ, ಆಮೇಲೆ ಹಿಂದಕ್ಕೆ ಬನ್ನಿ.

ಎರಡನೇ ಜೋಡಿ ರಾಜಕೀಯದ್ದು: ಸ್ಟೀವನ್ ಲೆವಿಟ್‌ಸ್ಕಿ ಮತ್ತು ಡೇನಿಯಲ್ ಜಿಬ್ಲಾಟ್ ಅವರ 'ಹೌ ಡೆಮಾಕ್ರಸೀಸ್ ಡೈ' (2018), ಆಡಂ ಶೆವೋರ್ಸ್ಕಿ ಅವರ 'ಕ್ರೈಸೀಸ್ ಆಫ್ ಡೆಮಾಕ್ರಸಿ' (2019). ಮೊದಲನೆಯದು ಎದುರಾಳಿಯನ್ನು ಸಹಿಸುವ, ಅಧಿಕಾರವಿದ್ದರೂ ಕೈ ತಡೆಯುವ ಅಲಿಖಿತ ರೂಢಿಗಳ ಮೇಲೆ ಭಾರ ಹಾಕುತ್ತದೆ. ಎರಡನೆಯದು ಹಿಂದಿನ ಬಿಕ್ಕಟ್ಟುಗಳನ್ನೂ ಇಂದಿನ ಆರ್ಥಿಕ, ಸಾಮಾಜಿಕ ಸ್ಥಿತಿಯನ್ನೂ ತೂಗಿ ನೋಡುತ್ತದೆ, ಭವಿಷ್ಯ ನುಡಿಯುವಾಗ ಹೆಚ್ಚು ಸಂಯಮ ತೋರುತ್ತದೆ. ಅರ್ಥವ್ಯವಸ್ಥೆಗೆ ಸದ್ಯಕ್ಕೆ ಅಮರ್ತ್ಯ ಸೆನ್ ಅವರ 'ಪಾವರ್ಟಿ ಅಂಡ್ ಫ್ಯಾಮಿನ್ಸ್' (1981) ಒಂದೇ ಸಾಕು. ಆಹಾರ ಇದ್ದೂ ಜನ ಹಸಿವಿನಿಂದ ಸಾಯಬಹುದು, ಅವರಿಗೆ ಅದನ್ನು ಪಡೆಯುವ ಹಕ್ಕು ಮತ್ತು ಶಕ್ತಿ ಕುಸಿದಾಗ ಎಂಬ ವಾದವನ್ನು 1943ರ ಬಂಗಾಳದ ಕ್ಷಾಮವೂ ಸೇರಿದಂತೆ ಅಂಕಿಅಂಶ ಇಟ್ಟು ಕಟ್ಟಿದ ಪುಸ್ತಕ ಅದು. ಅರ್ಥಶಾಸ್ತ್ರಜ್ಞರು ಪುರಾವೆಯಿಂದ ತೀರ್ಮಾನಕ್ಕೆ ಹೇಗೆ ಹೋಗಬೇಕು ಎಂಬುದಕ್ಕೆ ಇಷ್ಟು ಸ್ಪಷ್ಟ ಮಾದರಿಗಳು ಕಡಿಮೆ.

ಸಂಸ್ಕೃತಿಯ ಬಗ್ಗೆ ಓದುವಾಗ ಜನ ಮಾಡುವ ತಪ್ಪು ಬೇರೆ ತರಹದ್ದು: ಕೃತಿಗಿಂತ ಮೊದಲು ಕೃತಿಯ ಬಗೆಗಿನ ಜಗಳ ಓದುತ್ತಾರೆ. ಸಿನಿಮಾ ಆಗಲಿ ಕಾದಂಬರಿ ಆಗಲಿ, ಮೊದಲು ಕೃತಿ, ಅದಾದ ಮೇಲೆ ಒಂದು ದಿನ ಬಿಟ್ಟು ವಿಮರ್ಶೆ. ನೀವು ಗಮನಿಸಿದ್ದನ್ನು ಎರಡು ಸಾಲು ಬರೆದಿಟ್ಟುಕೊಂಡ ಮೇಲೆಯೇ ವಿಮರ್ಶಕರ ಮಾತಿಗೆ ಹೋಗಿ. ಬೆನೆಡಿಕ್ಟ್ ಆಂಡರ್ಸನ್ ಅವರ 'ಇಮ್ಯಾಜಿನ್ಡ್ ಕಮ್ಯುನಿಟೀಸ್' (1983) ಮುದ್ರಣ, ಪತ್ರಿಕೆ, ಕಾದಂಬರಿಗಳು ಒಬ್ಬರನ್ನೊಬ್ಬರು ಕಂಡರಿಯದ ಜನರಲ್ಲಿ ನಾವೆಲ್ಲ ಒಂದು ದೇಶ ಎಂಬ ಭಾವನೆಯನ್ನು ಹೇಗೆ ಬೆಳೆಸಿದವು ಎಂದು ವಿವರಿಸುತ್ತದೆ. ಅಮಿತಾವ್ ಘೋಷ್ ಅವರ 'ದ ಗ್ರೇಟ್ ಡಿರೇಂಜ್‌ಮೆಂಟ್' (2016) ಗಂಭೀರ ಸಾಹಿತ್ಯ ಹವಾಮಾನದ ಬಿಕ್ಕಟ್ಟನ್ನು ಯಾಕೆ ಒಳಗೆ ಬಿಟ್ಟುಕೊಂಡಿಲ್ಲ ಎಂದು ಕೇಳುತ್ತದೆ. ಕಥೆ, ಇತಿಹಾಸ, ರಾಜಕೀಯ ಎಂಬ ಮೂರು ಭಾಗಗಳ ತೆಳು ಪುಸ್ತಕ. ಐಪಿಸಿಸಿ ಸಾರಾಂಶ ಓದಿದ ಮೇಲೆ ಇದನ್ನು ಓದಿದರೆ ಅದರ ಪ್ರಶ್ನೆಯ ತೀಕ್ಷ್ಣತೆ ಹೆಚ್ಚು ತಾಗುತ್ತದೆ.

ಆರು ಗಂಟೆಯನ್ನು ಹಂಚುವುದು ಹೀಗೆ: ಮೂರು ಗಂಟೆ ಪುಸ್ತಕಕ್ಕೆ, ಒಂದೂವರೆ ಗಂಟೆ ಒಂದು ದಾಖಲೆಗೆ, ಒಂದು ಗಂಟೆ ವಾರದ ಸುದ್ದಿಗೆ, ಅರ್ಧ ಗಂಟೆ ಟಿಪ್ಪಣಿಗೆ. ಮೊದಲ ಮೂರು ತಿಂಗಳು ಪುಸ್ತಕದ ಮೂರು ಗಂಟೆಯನ್ನೂ ದಾಖಲೆಗೇ ಕೊಡಿ. ಸುದ್ದಿಯನ್ನು ದಿನಾ ಓದುವ ಬದಲು ವಾರದ ಕೊನೆಗೆ ಒಟ್ಟಿಗೆ ಓದಿದರೆ ಎರಡೇ ದಿನದಲ್ಲಿ ಸುಳ್ಳಾಗುವ ಅರ್ಧಂಬರ್ಧ ವರದಿಗಳು ತಾವಾಗಿ ಕಳಚಿಕೊಂಡಿರುತ್ತವೆ. ಟಿಪ್ಪಣಿ ಉದ್ದ ಬೇಡ. ಒಂದು ಹೇಳಿಕೆ, ಅದರ ಅಂಕಿ, ಅಂಕಿಯ ಮಾನ, ಹೋಲಿಕೆಯ ವರ್ಷ, ಪುಟಸಂಖ್ಯೆ, ಮತ್ತು 'ಏನು ಕಂಡುಬಂದರೆ ಇದು ತಪ್ಪೆಂದು ಒಪ್ಪುತ್ತೇನೆ' ಎಂಬ ಒಂದು ಸಾಲು. ಈ ಕೊನೆಯ ಸಾಲನ್ನು ಬಿಡಬೇಡಿ, ಅಭಿಪ್ರಾಯಕ್ಕೆ ಆಧಾರ ಸಿಗುವುದು ಅಲ್ಲೇ.

ಹೊಸ ಪುಸ್ತಕ ಕೊಳ್ಳುವ ಮುನ್ನ ಹತ್ತು ನಿಮಿಷದ ಪರೀಕ್ಷೆ ಮಾಡಿ. ಮುನ್ನುಡಿ ಮತ್ತು ಕೊನೆಯ ಅಧ್ಯಾಯದ ಮೊದಲ ಎರಡು ಪುಟ ಓದಿ, ವಾದ ಏನೆಂದು ಒಂದು ವಾಕ್ಯದಲ್ಲಿ ಹೇಳಲಾಗುತ್ತದೆಯೇ ನೋಡಿ. ಕೋಷ್ಟಕಗಳ ಅಂಕಿ ಯಾವ ವರ್ಷಕ್ಕೆ ನಿಂತಿದೆ ನೋಡಿ: ಈ ವರ್ಷ ಅಚ್ಚಾದ ಪುಸ್ತಕದ ಅಂಕಿ ಎರಡು ಮೂರು ವರ್ಷ ಹಳತಾಗಿರುವುದು ಸಾಮಾನ್ಯ, ಲೇಖಕರು ಅದನ್ನು ಹೇಳಿದ್ದಾರೆಯೇ ಎಂಬುದು ಮುಖ್ಯ. ಟಿಪ್ಪಣಿಗಳಲ್ಲಿ ಪತ್ರಿಕಾ ವರದಿಗಳೇ ತುಂಬಿದ್ದರೆ ಅದು ಸುದ್ದಿಯ ಪುನರಾವರ್ತನೆ, ಕಾಯಬಹುದು. ತಮ್ಮ ವಾದವನ್ನು ಒಪ್ಪದವರ ಹೆಸರು ಸೂಚಿಯಲ್ಲಿ ಇದೆಯೇ, ಅವರಿಗೆ ಎಷ್ಟು ಪುಟ ಕೊಟ್ಟಿದ್ದಾರೆ? ಸಂಶೋಧನಾ ಸಂಸ್ಥೆಯ ವರದಿಯಾದರೆ ಹಣ ಯಾರದು ಎಂಬ ಪುಟ ಹುಡುಕಿ, ಆ ಪುಟವೇ ಇಲ್ಲದ ವರದಿಯ ಅಂಕಿಯನ್ನು ಬೇರೆ ಕಡೆ ತಾಳೆ ನೋಡದೆ ಬಳಸಬೇಡಿ. ಐವತ್ತು ಪುಟ ಓದಿಯೂ ಮೇಲಿನ ಟಿಪ್ಪಣಿಯಲ್ಲಿ ಒಂದೂ ಹೇಳಿಕೆ ತುಂಬಲಾಗದಿದ್ದರೆ ಆ ಪುಸ್ತಕ ಬಿಟ್ಟುಬಿಡಿ.

ಈ ವಾರದ ಕೆಲಸ ಇಷ್ಟು: ಐಪಿಸಿಸಿ ಭೌತಿಕ ವಿಜ್ಞಾನದ ಸಾರಾಂಶದ 'ಎ' ಭಾಗ ಮಾತ್ರ, ಚೌಕಾವರಣಗಳ ಸಮೇತ, ಪೆನ್ಸಿಲ್ ಹಿಡಿದು. ಮುಂದಿನ ವಾರ ಉಳಿದ ಮೂರು ಭಾಗ. ಮೂರನೇ ವಾರ ಹಣಕಾಸು ನಿಧಿಯ ಇತ್ತೀಚಿನ ವರದಿಯ ಮೊದಲ ಅಧ್ಯಾಯ, ನಾಲ್ಕನೇ ವಾರ ನಿಮಗೆ ಆಸಕ್ತಿಯಿರುವ ಒಂದು ಮಸೂದೆಯ ಪೂರ್ಣ ಪಠ್ಯ.